ಗೃಹಜ್ಯೋತಿ ಇರುವಾಗ ಬಲ್ಬ್ ಬದಲಾಯಿಸಿದರೆ ಯಾರಿಗೆ ಲಾಭ?

ಬಾಡಿಗೆ_ಮನೆ:
ಬೆಂಗಳೂರಲ್ಲಿ ಹಳೇ ಮನೆಯೊಂದರ ಅರ್ಧ ಭಾಗಕ್ಕೆ ಬಾಡಿಗೆಗೆ ಬಂದಿದ್ದೀವಿ. ಓನರ್ ನಮ್ಮ ಭಾಗಕ್ಕೆ ಹೊಸ ಮೀಟರ್ ಹಾಕಿಸಿದ್ದಾರೆ. ಹಿಂದಿನ ಲೆಕ್ಕ ಇಲ್ಲದ ಮೀಟರ್ ಆದ್ದರಿಂದ ಗೃಹಜ್ಯೋತಿ ಫ್ರೀ ಕರೆಂಟ್ ಯೋಜನೆಯಲ್ಲಿ ರಾಜ್ಯದ ಸರಾಸರಿ 53 ಯೂನಿಟ್, ಅದರ ಮೇಲೆ ಶೇ. 10, ಒಟ್ಟು 58 ಯೂನಿಟ್ ಮಾತ್ರ ಫ್ರೀ. ನಮ್ಮ ಖರ್ಚು 95ರ ಆಸುಪಾಸು. ಮಿಕ್ಕಿದ್ದಕ್ಕೆ ದುಡ್ಡು ಕಟ್ಟಬೇಕು.

ಮೀಟರ್ ಹೊಸದು, ಒಳಗಿರೋದೆಲ್ಲ ಓನರ್ ತಂದೆಯವರ ಕಾಲದ್ದು. ಹಾಲ್‌ಗೂ ರೂಮಿಗೂ ಚೋಕ್ ಇರೋ ಟ್ಯೂಬ್‌ಲೈಟು. ಅಡುಗೆಮನೆ, ಬಚ್ಚಲು, ವರಾಂಡದಲ್ಲಿ 60 ವ್ಯಾಟಿನ ಗುಂಡು ಬಲ್ಬು. ದೇವರಮನೆಯಲ್ಲಿ ಕೆಂಪು ಜೀರೋ ಬಲ್ಬು, ಅದು ಹಗಲೂ ರಾತ್ರಿ ಉರೀತಾನೇ ಇರುತ್ತೆ. ಎಲ್ಲಾ ಎಲ್‌ಇಡಿಗೆ ಬದಲಾಯಿಸೋಣ ಅಂದ್ರೆ "ನಿಮಗೆ ಬೇಕಿದ್ರೆ ನಿಮ್ಮ ಖರ್ಚಲ್ಲಿ ಹಾಕ್ಸ್ಕೊಳಿ" ಅಂತಾರೆ ಓನರ್. ಬೇರೆಯವರ ಮನೆಗೆ ದುಡ್ಡು ಹಾಕೋದು ಬುದ್ಧಿವಂತಿಕೆನಾ?

ಯಾಕ್_ಬೇಕ್_ಬಿಡಿ:
ನಾವು ದಾವಣಗೆರೆಯೋರು, ಸ್ವಂತ ಮನೆ. ನಮ್ಮ ಸರಾಸರಿ 140, ಶೇ. 10 ಸೇರಿಸಿದ್ರೆ 154 ಫ್ರೀ. ನಾವು 120 ದಾಟಲ್ಲ. ಬಿಲ್ ಸೊನ್ನೆ. ಬಲ್ಬ್ ಬದಲಾಯಿಸಿದ್ರೆ 105 ಆಗುತ್ತೆ, ಆಗಲೂ ಬಿಲ್ ಸೊನ್ನೆನೇ. ಮತ್ತೆ ನಾನ್ಯಾಕೆ ಜೇಬಿಂದ ಐನೂರು ರೂಪಾಯಿ ಹಾಕ್ಲಿ? ಇನ್ನೊಂದು ಭಯ, ಕಡಿಮೆ ಬಳಸ್ತಾ ಹೋದ್ರೆ ನಾಳೆ ನಮ್ಮ ಸರಾಸರಿಯನ್ನೇ ಇಳಿಸಿಬಿಟ್ರೆ?

ಲೆಕ್ಕದ_ಮೇಷ್ಟ್ರು:
ಸರಾಸರಿ ತೆಗೆದದ್ದು 2022-23ರ ಬಳಕೆಯ ಮೇಲೆ. ನೀವು ಈ ತಿಂಗಳು ಉಳಿಸಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಬಾಡಿಗೆ ಮನೆಯವರೇ, ನಿಮ್ಮ ಲೆಕ್ಕ ನೋಡೋಣ. 60 ವ್ಯಾಟಿನ ಬಲ್ಬು ದಿನಕ್ಕೆ 5 ತಾಸು ಉರಿದರೆ ತಿಂಗಳಿಗೆ 9 ಯೂನಿಟ್. ಅದಕ್ಕಿಂತ ಕಡಿಮೆ ಇಲ್ಲದ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿಗೆ 1.35. ಉಳಿತಾಯ 7.65. ಅಡುಗೆಮನೆ, ವರಾಂಡ ಎರಡೂ ಸೇರಿ 15 ಯೂನಿಟ್ ದಾಟುತ್ತದೆ. ಹಾಲಿನ ಟ್ಯೂಬ್‌ಲೈಟ್ ಮೇಲೆ 40 ವ್ಯಾಟ್ ಅಂತ ಬರೆದಿದ್ದರೂ ಹಳೇ ಚೋಕ್ ತಾನೇ ಬಿಸಿಯಾಗಿ ಇನ್ನೊಂದು 12 ವ್ಯಾಟ್ ತಿನ್ನುತ್ತದೆ. 20 ವ್ಯಾಟಿನ ಎಲ್‌ಇಡಿ ಪಟ್ಟಿ (ಫ್ರೇಮು ಸಮೇತ ಬರುವ ಟ್ಯೂಬು) ಹಾಕಿ ದಿನಕ್ಕೆ 6 ತಾಸು ಉರಿಸಿದರೆ ತಿಂಗಳಿಗೆ ಸುಮಾರು 5.8 ಯೂನಿಟ್ ಉಳಿಯಿತು.

ಈಗ ಕಳ್ಳನಿಗೆ ಬರೋಣ. ನಿಮ್ಮ ದೇವರಮನೆಯ ಜೀರೋ ಬಲ್ಬು ಸೊನ್ನೆ ವ್ಯಾಟ್ ಅಲ್ಲ. ಫಿಲಮೆಂಟಿನ ಜೀರೋ ಬಲ್ಬು 12ರಿಂದ 15 ವ್ಯಾಟ್ ಎಳೆಯುತ್ತದೆ. ಹಳೇ ಚಕ್ರದ ಮೀಟರು ಅಷ್ಟು ಸಣ್ಣ ಎಳೆತಕ್ಕೆ ತಿರುಗುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಈಗಿನ ಎಲೆಕ್ಟ್ರಾನಿಕ್ ಮೀಟರು ಬಿಡುವುದಿಲ್ಲ. 15 ವ್ಯಾಟ್, 24 ತಾಸು, 30 ದಿನ: 10.8 ಯೂನಿಟ್. ನಿಮ್ಮ 58 ಫ್ರೀ ಯೂನಿಟ್ಟಿನಲ್ಲಿ ಹತ್ತಿರ ಹತ್ತಿರ ಐದನೇ ಒಂದು ಪಾಲು ಆ ಕೆಂಪು ಬಲ್ಬಿಗೇ ಹೋಗುತ್ತಿದೆ. ಅರ್ಧ ವ್ಯಾಟಿನ ಎಲ್‌ಇಡಿ ದೀಪ ಹಾಕಿದರೆ ತಿಂಗಳಿಗೆ ಅರ್ಧ ಯೂನಿಟ್ಟೂ ಆಗುವುದಿಲ್ಲ.

ಈ ನಾಲ್ಕು ಜಾಗ ಸೇರಿ 31 ಯೂನಿಟ್ ಚಿಲ್ಲರೆ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ ತಿಂಗಳಿಗೆ 190. ಖರ್ಚು ಐನೂರರ ಒಳಗೆ. ಮೂರನೇ ತಿಂಗಳಿಗೆ ಅಸಲು ಬಂತು.

ಬಚ್ಚಲಿನ ಬಲ್ಬನ್ನು ಮುಟ್ಟಬೇಡಿ. ದಿನಕ್ಕೆ ಇಪ್ಪತ್ತು ನಿಮಿಷ ಉರಿಯುವ ಬಲ್ಬಿನಲ್ಲಿ ಉಳಿಯುವುದು ತಿಂಗಳಿಗೆ 3 ರೂಪಾಯಿ. ಅದು ಸುಟ್ಟು ಹೋದಾಗ ನೋಡಿಕೊಳ್ಳಿ. "ಎಲ್ಲಾ ಬದಲಾಯಿಸೋಣ" ಅನ್ನುವುದೇ ತಪ್ಪು ಲೆಕ್ಕ.

ಬಾಡಿಗೆ_ಮನೆ:
ಜೀರೋ ಬಲ್ಬ್ ವಿಷಯ ಗೊತ್ತೇ ಇರ್ಲಿಲ್ಲ ಸರ್! ನಮ್ಮತ್ತೆ ಅದನ್ನ ಆರಿಸೋಕೆ ಬಿಡಲ್ಲ. ಎಲ್‌ಇಡಿ ಆದ್ರೂ ಕೆಂಪಗೇ ಇರ್ಬೇಕು ಅಂತಾರೆ.

ಹುಬ್ಳಿ_ವೈರ್‌ಮನ್:
ಕೆಂಪು ಎಲ್‌ಇಡಿ ಸಿಗ್ತದ್ರೀ ಅಕ್ಕಾರ, ಎಲ್ಲಾ ಅಂಗಡಿಯಾಗೂ ಅದ.

ಮೇಷ್ಟ್ರ ಲೆಕ್ಕ ಬರೋಬರಿ ಅದ. ಆದ್ರ ಒಂದು ಮಾತು. ಟ್ಯೂಬ್‌ಲೈಟ್ ಹಳೇ ಫ್ರೇಮಿನಾಗ ಬರೀ ಎಲ್‌ಇಡಿ ಟ್ಯೂಬ್ ತುರುಕಬ್ಯಾಡ್ರಿ. ಚೋಕ್ ತೆಗೀಲಾರದ ಹಂಗ ಹಾಕಿದ್ರ ಚೋಕ್ ಒಂದೀಟು ಕರೆಂಟ್ ತಿನ್ಕೋತನ ಇರ್ತದ, ಕೆಲವು ಟ್ಯೂಬ್ ಸುಟ್ಟೂ ಹೋಗ್ತಾವ. ಚೋಕ್, ಸ್ಟಾರ್ಟರ್ ಎರಡೂ ಬಿಚ್ಚಿ ಸೀದಾ ವೈರ್ ಕೊಡಬೇಕು. ಅದಕ್ಕಿಂತ ಪೂರಾ ಪಟ್ಟಿನ ಹಾಕ್ಸೂದು ಚಲೋ. ಎರಡು ಸ್ಕ್ರೂ, ಎರಡು ವೈರ್, ಮನಿ ಬಿಡೂವಾಗ ಬಿಚ್ಕೊಂಡು ಹೋಗ್ರಿ.

ತೋಟದ_ಮನೆ:
ಲೆಕ್ಕ ಎಲ್ಲಾ ಪೇಟೆಯವರಿಗೆ ಸರಿ ಮಾರಾಯ್ರೆ. ತೀರ್ಥಹಳ್ಳಿ ಕಡೆ ತೋಟದ ಮನೆಗೆ ಬಂದು ನೋಡಿ. ಲೈನಿನ ಕೊನೇ ಮನೆ ನಮ್ದು. ಸಂಜೆ ವೋಲ್ಟೇಜು 150ಕ್ಕೆ ಇಳಿಯುತ್ತೆ, ಪಂಪ್‌ಸೆಟ್ಟೆಲ್ಲ ಆಫ್ ಆದ ತಕ್ಷಣ ಮೇಲಕ್ಕೆ ಹಾರುತ್ತೆ. ಮಳೆಗಾಲದ ಸಿಡಿಲು ಬೇರೆ. ಪೆಟ್ಟಿಗೆ ಮೇಲೆ 25,000 ಗಂಟೆ ಬಾಳಿಕೆ ಅಂತ ಅಚ್ಚು ಹಾಕಿರ್ತಾರೆ, ನಮ್ಮಲ್ಲಿ ಒಂದು ಮಳೆಗಾಲ ದಾಟಿದ್ರೆ ಪುಣ್ಯ. 15 ರೂಪಾಯಿಯ ಗುಂಡು ಬಲ್ಬು ಮಂಕಾಗಿಯಾದ್ರೂ ಉರೀತಿತ್ತು. ಪೇಟೆಯ ಅಂಗಡಿಯವ ವಾರಂಟಿ ಅಂತಾನೆ, ಬಲ್ಬ್ ತಗೊಂಡು ಹೋದ್ರೆ ಬಿಲ್ ಎಲ್ಲಿ ಅಂತಾನೆ. ಕೊಡುವಾಗ ಬಿಲ್ಲೇ ಕೊಟ್ಟಿರಲ್ಲ.

ಹುಬ್ಳಿ_ವೈರ್‌ಮನ್:
ನಿಮ್ಮ ಸಿಟ್ಟು ಖರೇನ ಅದ. ಎಲ್‌ಇಡಿ ಬಲ್ಬ್ ಸಾಯೂದು ಎರಡು ಥರಾರೀ: ಒಳಗಿನ ಒಂದು ಚುಕ್ಕಿ ಸುಡ್ತದ, ಇಲ್ಲಾ ಹೊಟ್ಟ್ಯಾಗಿನ ಡ್ರೈವರ್, ಅಂದ್ರ ಕರೆಂಟ್ ಹದ ಮಾಡೂ ಸರ್ಕೀಟ್, ಸಾಯ್ತದ. ಸತ್ತ ಬಲ್ಬಿನ ಬಿಳಿ ಟೊಪಗಿ ತಿರುವಿ ತೆಗೀರಿ. ಒಳಗ ಅಲ್ಯೂಮಿನಿಯಂ ತಟ್ಟಿ ಮ್ಯಾಲ ಹಳದಿ ಚುಕ್ಕಿ ಸಾಲಾಗಿ ಕುಂತಿರ್ತಾವ. ಅದರಾಗ ಒಂದಕ್ಕ ನಡುವ ಸಾಸಿವಿಯಷ್ಟು ಕರೀ ಕಲಿ ಇದ್ರ, ಆ ಒಂದು ಚುಕ್ಕಿ ಸುಟ್ಟದ ಅಂತ ಅರ್ಥ. ಎಲ್ಲಾ ಒಂದ ಸರಣಿಯಾಗ ಇರೂದ್ರಿಂದ ಒಂದು ಹೋದ್ರ ಎಲ್ಲಾ ಆರ್ತಾವ. ಬಜಾರ್‌ನ್ಯಾಗ ಇಪ್ಪತ್ತು ಮೂವತ್ತು ರೂಪಾಯಿಗೆ ರಿಪೇರಿ ಮಾಡೋರು ಆ ಚುಕ್ಕಿ ಮ್ಯಾಲ ಬೆಸುಗಿ ಹಾಕಿ ಜೋಡಸ್ತಾರ. ಹತ್ತತದ, ಆದ್ರ ಉಳದದ್ದರ ಮ್ಯಾಲ ಭಾರ ಬಿದ್ದು ಸ್ವಲ್ಪ ದಿನದಾಗ ಮತ್ತೊಂದು ಹೋಗ್ತದ. ಕರಿ ಕಲಿ ಎಲ್ಲೂ ಕಾಣ್ಲಿಲ್ಲಂದ್ರ ಡ್ರೈವರ್ ಹೋಗ್ಯದ. ಮನ್ಯಾಗ ಯಾರೂ ಟೊಪಗಿ ತೆಗೆದು ಬಲ್ಬ್ ಹಚ್ಚಬ್ಯಾಡ್ರಿ, ಆ ತಟ್ಟಿ ಮುಟ್ಟಿದ್ರ ಶಾಕ್ ಹೊಡೀತದ.

ತೋಟದ ಮನಿಗೆ ಪೆಟ್ಟಿಗಿ ಮ್ಯಾಲ 100ರಿಂದ 300 ವೋಲ್ಟ್ ಅಂತ ಬರದದ್ದು, ಸರ್ಜ್ (ಒಮ್ಮೆಲೇ ಏರೂ ವೋಲ್ಟೇಜ್ ತಡ್ಯೂದು) 4 ಕೆವಿ ಅಂತ ಇದ್ದದ್ದು ತಗೋರಿ. ಇಪ್ಪತ್ತು ಮೂವತ್ತು ರೂಪಾಯಿ ಜಾಸ್ತಿ ಆಗ್ತದ. ಅರ್ಥಿಂಗ್ ಸರಿ ಅದ ಏನ್ ನೋಡ್ರಿ ಮೊದ್ಲು. ಮುಚ್ಚಿದ ಗಾಜಿನ ಗೋಲದಾಗ ಹಾಕಬ್ಯಾಡ್ರಿ, ಕಾವಿಗೇ ಡ್ರೈವರ್ ಹೋಗ್ತದ.

ಲೆಕ್ಕದ_ಮೇಷ್ಟ್ರು:
ಜೊತೆಗೆ ಬಲ್ಬಿನ ಬುಡದಲ್ಲಿ ಕೊಂಡ ತಾರೀಖನ್ನು ಮಾರ್ಕರ್ ಪೆನ್ನಿನಿಂದ ಬರೆದಿಡಿ, ಬಿಲ್ಲಿನ ಫೋಟೋ ಮೊಬೈಲಿನಲ್ಲಿರಲಿ. ಪೆಟ್ಟಿಗೆಯ ಮೇಲೆ ಐಎಸ್‌ಐ ಥರದ ಗುರುತಿನ ಕೆಳಗೆ "ಆರ್" ಅಕ್ಷರದಿಂದ ಶುರುವಾಗುವ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಸಂಖ್ಯೆ ಇರಬೇಕು. ಸಂತೆಯಲ್ಲಿ ಮೂರಕ್ಕೆ ನೂರು ಅಂತ ಮಾರುವುದರಲ್ಲಿ ಅದನ್ನು ಹುಡುಕಿ ನೋಡಿ.

ಕಾಸರಗೋಡು_ಕನ್ನಡಿಗ:
ನಮ್ಮ ಕಡೆ ಫಿಲಮೆಂಟ್ ರಹಿತ ಕೇರಳ ಅಂತ ಯೋಜನೆ ಮಾಡಿದ್ರು. ಹಳೆ ಬಲ್ಬ್ ಕೊಟ್ಟು ಎಲ್‌ಇಡಿ ತಕೊಳ್ಳುವುದು, ದುಡ್ಡು ಕರೆಂಟ್ ಬಿಲ್ಲಿನ ಒಟ್ಟಿಗೆ ಕಂತಿನಲ್ಲಿ ಕಟ್ಟುವುದು. ಹಳೆ ಬಲ್ಬನ್ನು ವಾಪಸ್ ತಕೊಂಡದ್ದೇ ಅದರ ಒಳ್ಳೆ ಗುಣ. ಇಲ್ಲದಿದ್ರೆ ಜನ ಹೊಸತನ್ನು ಹಾಲಿಗೆ ಹಾಕಿ ಹಳೆಯದನ್ನು ಕೊಟ್ಟಿಗೆಗೆ ಹಾಕ್ತಾರೆ. ಕರ್ನಾಟಕದಲ್ಲಿ ಫ್ರೀ ಕರೆಂಟ್ ಕೊಡುವ ಮೊದ್ಲು ಫ್ರೀ ಬಲ್ಬ್ ಕೊಡ್ಬೇಕಿತ್ತು ಅಂತ ನನ್ನ ಅಭಿಪ್ರಾಯ.

ಯಾಕ್_ಬೇಕ್_ಬಿಡಿ:
ಅದೇ ನಾನು ಹೇಳ್ತಿರೋದು! ಉಳಿಯೋ ಯೂನಿಟ್ಟಿನ ದುಡ್ಡು ಸರ್ಕಾರಕ್ಕೆ ಉಳಿಯುತ್ತೆ. ಬಲ್ಬೂ ಸರ್ಕಾರವೇ ಕೊಡ್ಲಿ.

ಲೆಕ್ಕದ_ಮೇಷ್ಟ್ರು:
ಫ್ರೀ ಅಲ್ಲದಿದ್ದರೂ ಅಗ್ಗಕ್ಕೆ ಕೊಟ್ಟಿತ್ತು. ಕೇಂದ್ರದ ಎಲ್‌ಇಡಿ ಹಂಚುವ ಯೋಜನೆ ಉಜಾಲಾ ಶುರುವಾದದ್ದು 2015ರ ಜನವರಿ 5ಕ್ಕೆ, ಆ ವರ್ಷದ ಕೊನೆಗೆ ನಮ್ಮಲ್ಲಿ "ಹೊಸ ಬೆಳಕು" ಹೆಸರಿನಲ್ಲಿ 9 ವ್ಯಾಟಿನ ಬಲ್ಬನ್ನು 100 ರೂಪಾಯಿಗೆ ಹಂಚಿದರು. ದೇಶಕ್ಕೆಲ್ಲ ಒಟ್ಟಿಗೆ ಟೆಂಡರ್ ಕರೆದದ್ದರಿಂದ 2014ರಲ್ಲಿ 310 ರೂಪಾಯಿ ಇದ್ದ ಖರೀದಿ ದರ 2016ಕ್ಕೆ 38ಕ್ಕೆ ಇಳಿಯಿತು. ಇವತ್ತು ಅಂಗಡಿಯಲ್ಲಿ ನೂರರ ಒಳಗೆ ಒಳ್ಳೇ ಬಲ್ಬು ಸಿಗುತ್ತಿರುವುದರ ಹಿಂದೆ ಅದೂ ಒಂದು ಕಾರಣ.

ದಾವಣಗೆರೆಯವರೇ, ನಿಮಗೂ ಒಂದು ಅಪಾಯ ಇದೆ. 154 ದಾಟಿದರೆ ಹೆಚ್ಚಿನದಕ್ಕಷ್ಟೇ ದುಡ್ಡು. 200 ದಾಟಿದಿರೋ, ಪೂರ್ತಿ ಬಿಲ್ಲು ನಿಮ್ಮದೇ. ಏಪ್ರಿಲ್-ಮೇನಲ್ಲಿ ಕೂಲರ್ ಓಡಿ, ಮಕ್ಕಳು ಮೊಮ್ಮಕ್ಕಳು ಬಂದು ಕೂತಾಗ 198ಕ್ಕೆ ನಿಲ್ಲುವುದಕ್ಕೂ 203ಕ್ಕೆ ಹೋಗುವುದಕ್ಕೂ ಸಾವಿರದ ಮೇಲೆ ವ್ಯತ್ಯಾಸ.

ಯಾಕ್_ಬೇಕ್_ಬಿಡಿ:
ಬೇಸಿಗೇಲಿ 180ರವರೆಗೆ ಹೋಗಿದ್ದುಂಟು. 200 ದಾಟಿಲ್ಲ. ದಾಟಿದಾಗ ನೋಡೋಣ.

ಫಾಲ್ಸ್_ಸೀಲಿಂಗ್:
ಎಲ್ಲರೂ ಬಲ್ಬಿನ ವ್ಯಾಟ್ ಮಾತ್ರ ನೋಡ್ತಿದೀರಾ, ಸಂಖ್ಯೆ ಯಾರೂ ನೋಡ್ತಿಲ್ಲ. ಅಣ್ಣ ಮೈಸೂರಲ್ಲಿ ಹೊಸ ಮನೆ ಕಟ್ಟಿಸ್ದ. ಮೊದಲು ಹಾಲ್‌ಗೆ ಒಂದು ಟ್ಯೂಬ್‌ಲೈಟ್ ಇತ್ತು, 52 ವ್ಯಾಟ್ ಅಂತಾನೇ ಇಟ್ಕೊಳಿ. ಈಗ ಫಾಲ್ಸ್ ಸೀಲಿಂಗಲ್ಲಿ 12 ವ್ಯಾಟಿನ ಹತ್ತು ಲೈಟು, ಸುತ್ತ ಸ್ಟ್ರಿಪ್ಪು, ಟಿವಿ ಹಿಂದೆ ಇನ್ನೊಂದು ಸ್ಟ್ರಿಪ್ಪು. ಒಂದೇ ಸ್ವಿಚ್ಚಿಗೆ ಎಲ್ಲ ಹತ್ತುತ್ತೆ. "ಎಲ್‌ಇಡಿ ಅಲ್ವಾ, ಏನೂ ಆಗಲ್ಲ" ಅಂತಾನೆ. 52 ಇದ್ದಿದ್ದು 150 ಆಯ್ತು. ಆರ್ಕಿಟೆಕ್ಟ್‌ಗಳಿಗೆ ಇದನ್ನ ಯಾರು ಹೇಳ್ತಾರೋ.

ಮಂಗಳೂರು_ಅಕ್ಕ:
ನಮ್ಮದರಲ್ಲಿ ಸಿಎಫ್‌ಎಲ್ ಉಂಟು, ಆರೇಳು ಇರಬಹುದು. ಅದನ್ನೂ ತೆಗೆಯಬೇಕಾ? ಮತ್ತೆ ಈ ಎಲ್‌ಇಡಿಯ ಬಿಳಿ ಬೆಳಕು ನನಗೆ ಆಗುವುದೇ ಇಲ್ಲ, ರಾತ್ರಿ ಕಣ್ಣು ಚುಚ್ಚುತ್ತದೆ.

ಲೆಕ್ಕದ_ಮೇಷ್ಟ್ರು:
ತೆಗೆಯಬೇಡಿ. 14 ವ್ಯಾಟಿನಿಂದ 9ಕ್ಕೆ ಇಳಿದರೆ ಉಳಿಯುವುದು ತಿಂಗಳಿಗೆ ನಾಲ್ಕೈದು ರೂಪಾಯಿ. ಸುಟ್ಟ ಮೇಲೆ ಬದಲಾಯಿಸಿ. ಸುಟ್ಟದ್ದನ್ನು ಹಸಿ ಕಸ, ಒಣ ಕಸ ಎರಡಕ್ಕೂ ಹಾಕಬೇಡಿ, ಒಳಗೆ ನಾಲ್ಕೈದು ಮಿಲಿಗ್ರಾಂ ಪಾದರಸ ಇರುತ್ತದೆ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕೈ ಜಾರಿ ಒಡೆದರೆ ಕಿಟಕಿ ತೆರೆದಿಟ್ಟು ಸ್ವಲ್ಪ ಹೊತ್ತು ಹೊರಗಿರಿ. ಆಮೇಲೆ ರಟ್ಟಿನಿಂದ ಬಳಿದು, ಒದ್ದೆ ಕಾಗದದಿಂದ ಒರೆಸಿ. ಪೊರಕೆ ಬೇಡ.

ಬೆಳಕಿಗೆ ಪೆಟ್ಟಿಗೆಯ ಮೇಲೆ "ಕೆ" ಸಂಖ್ಯೆ ನೋಡಿ. 6500 ಕೆ ಅಂದರೆ ಆ ಚುಚ್ಚುವ ಬಿಳಿ. 2700 ಅಥವಾ 3000 ಕೆ ತೆಗೆದುಕೊಂಡರೆ ಹಳೇ ಗುಂಡು ಬಲ್ಬಿನ ಹಳದಿಯೇ ಬರುತ್ತದೆ. ಅಂಗಡಿಯವರು ಕೇಳದೆ ಬಿಳಿಯನ್ನೇ ಕೊಡುತ್ತಾರೆ.

ಕೋಳಿ_ಫಾರಂ:
ಗುಂಡು ಬಲ್ಬನ್ನ ಎಲ್ರೂ ಬೈತಿದೀರಲ್ಲ, ನಮ್ಮ ಮರಿಗಳನ್ನ ಕೇಳಿ. ಒಂದಿನದ ಮರಿ ಬಂದಾಗ ಕಾವು ಕೊಡೋದು ಅದೇ ಬಲ್ಬು. ತಿಂದ ಕರೆಂಟಲ್ಲಿ ಶೇ. 90ಕ್ಕಿಂತ ಜಾಸ್ತಿ ಶಾಖ ಆಗಿ ಹೋಗುತ್ತೆ ಅನ್ನೋದೇ ಅದರ ಮೇಲಿನ ದೂರು ತಾನೇ? ನಮಗೆ ಬೇಕಾಗಿರೋದೇ ಆ ಶಾಖ. ಎಲ್‌ಇಡಿ ಕೆಳಗೆ ಬಿಟ್ರೆ ಮರಿಗಳು ಒಂದರ ಮೇಲೊಂದು ಬಿದ್ದು ಸಾಯ್ತವೆ. ನಮ್ಮ ಪೇಟೇಲಿ 100 ವ್ಯಾಟ್ ಬಲ್ಬು ಈಗ ಹುಡುಕಬೇಕು.

ಹುಬ್ಳಿ_ವೈರ್‌ಮನ್:
😄 ಅದು ಬಲ್ಬಲ್ರೀ, ಒಲಿ. ಅದಕ್ಕ ಅದು ಬೇಕ.

ಬಾಡಿಗೆ_ಮನೆ:
ಒಂದು ಅನುಮಾನ. ವರಾಂಡದ್ದಕ್ಕೆ ಮೊದಲು ಎಲ್‌ಇಡಿ ಹಾಕಿ ನೋಡಿದ್ವಿ. ಸ್ವಿಚ್ ಆಫ್ ಮಾಡಿದ್ಮೇಲೂ ಕತ್ತಲಲ್ಲಿ ಮಿಣಮಿಣ ಅಂತ ಸಣ್ಣಗೆ ಉರೀತಿದೆ. ನಮ್ಮತ್ತೆ ಹೆದರಿಬಿಟ್ಟಿದ್ದಾರೆ. ಬಲ್ಬ್ ಹಾಳಾ?

ಹುಬ್ಳಿ_ವೈರ್‌ಮನ್:
ಬಲ್ಬ್ ಚಲೋ ಅದ. ಸ್ವಿಚ್ಚಿನಾಗ ಸಣ್ಣ ಕೆಂಪು ಇಂಡಿಕೇಟರ್ ಅದ ಏನ್? ಅದರ ಮೂಲಕ ಚೂರು ಕರೆಂಟ್ ಹರೀತದ. ಗುಂಡು ಬಲ್ಬಿಗೆ ಅದು ಗೊತ್ತಾಗ್ತಿದ್ದಿಲ್ಲ, ಎಲ್‌ಇಡಿಗೆ ಅಷ್ಟು ಸಾಕು. ಇಂಡಿಕೇಟರ್ ಇಲ್ಲದ ಸ್ವಿಚ್ ಹಾಕ್ಸ್ರಿ. ಇಂಡಿಕೇಟರ್ ಇಲ್ಲಂದ್ರ ಹಳೇ ವೈರಿಂಗಿನಾಗ ಸ್ವಿಚ್ಚನ್ನ ಕರೆಂಟ್ ಬರೂ ಫೇಸ್ ವೈರ್ ಬಿಟ್ಟು ವಾಪಸ್ ಹೋಗೂ ನ್ಯೂಟ್ರಲ್‌ಗೆ ಕೊಟ್ಟಿರ್ತಾರ. ಅದು ಕೆಟ್ಟದ್ದು. ಆಫ್ ಮಾಡಿದ್ರೂ ಹೋಲ್ಡರ್‌ನ್ಯಾಗ ಕರೆಂಟ್ ಇರ್ತದ, ಬಲ್ಬ್ ಬದಲಿ ಮಾಡೂವಾಗ ಹೊಡೀತದ. ಟೆಸ್ಟರ್ ಹಚ್ಚಿ ನೋಡೂತನಕ ನೀವು ಆ ಹೋಲ್ಡರ್ ಮುಟ್ಟಬ್ಯಾಡ್ರಿ.

ತೋಟದ_ಮನೆ:
ನೋಡಿ, ಎಲ್‌ಇಡಿ ಹಾಕಿದ್ದಕ್ಕೆ ಹಳೇ ವೈರಿಂಗಿನ ಹುಳುಕು ಹೊರಗೆ ಬಂತು. ಅದೊಂದು ಉಪಕಾರ ಅಂತ ಒಪ್ತೇನೆ. ಆದ್ರೆ ನಾನು ಜಗಲಿಗೆ ಗುಂಡು ಬಲ್ಬೇ ಇಡೋದು. ಮಿಂಚು ಶುರುವಾದ್ರೆ ಎಲ್‌ಇಡಿ ಎಲ್ಲ ಆಫ್.

ಕಾಸರಗೋಡು_ಕನ್ನಡಿಗ:
ದಾವಣಗೆರೆಯವರಿಗೆ ಒಂದು ಮಾತು. ದೀಪ ಹಾಕುವುದು ಸಂಜೆ 6ರಿಂದ 10. ಪಾವಗಡದ ಸೋಲಾರ್ ಆ ಹೊತ್ತಿಗೆ ಇಲ್ಲ. ಶರಾವತಿ ನೀರು ಬಿಡಬೇಕು, ಅಥವಾ ರಾಯಚೂರಲ್ಲಿ ಕಲ್ಲಿದ್ದಲು ಸುಡಬೇಕು. ನಿಮ್ಮ ಬಿಲ್ ಸೊನ್ನೆ ಆದ್ರೂ ಆ ನೀರು ಸೊನ್ನೆ ಅಲ್ಲ. ಮಳೆ ಕೈಕೊಟ್ಟ ವರ್ಷ ಲೋಡ್ ಶೆಡ್ಡಿಂಗ್ ಆಗುವುದು ನಿಮಗೇ.

ಯಾಕ್_ಬೇಕ್_ಬಿಡಿ:
ನನ್ನ ನಾಲ್ಕು ಬಲ್ಬಿಂದ ಲಿಂಗನಮಕ್ಕಿ ತುಂಬಲ್ಲ ಸ್ವಾಮಿ. ಆದ್ರೆ ಆ ಜೀರೋ ಬಲ್ಬ್ ನಮ್ಮನೇಲೂ ಎರಡಿದೆ. ಅದನ್ನ ಬದಲಾಯಿಸ್ತೀನಿ, ಅಷ್ಟೇ. ಮೇಷ್ಟ್ರಿಗೆ ಮರ್ಯಾದೆ ಕೊಟ್ಟು.

ಬಾಡಿಗೆ_ಮನೆ:
ಎಲೆಕ್ಟ್ರಿಷಿಯನ್ ಬಂದು ಟೆಸ್ಟರ್ ಇಟ್ಟು ನೋಡಿದ್ರು. ಸ್ವಿಚ್ ನ್ಯೂಟ್ರಲ್‌ಗೇ ಇತ್ತು, ಸರಿ ಮಾಡಿದ್ರು. ಹಾಲ್‌ಗೆ ಪಟ್ಟಿ, ಅಡುಗೆಮನೆಗೆ ಬಲ್ಬು, ದೇವರಿಗೆ ಕೆಂಪು ಎಲ್‌ಇಡಿ ಆಯ್ತು. ಓನರ್‌ಗೆ ಫೋನ್ ಮಾಡಿ ಹೇಳಿದೆ. "ಪಟ್ಟಿ ಹೋಗುವಾಗ ಬಿಚ್ಕೊಂಡು ಹೋಗಿ, ಪರವಾಗಿಲ್ಲ. ಹಳೇ ಚೋಕ್ ಮಾತ್ರ ಎಸೀಬೇಡಿ, ನನಗೆ ಬೇಕು" ಅಂದ್ರು. ಅದ್ಯಾಕೆ?

ಹುಬ್ಳಿ_ವೈರ್‌ಮನ್:
ಚೋಕಿನ ಒಳಗಿನ ತಾಮ್ರಕ್ಕ ಗುಜರಿಯಾಗ ರೇಟ್ ಏನದ ಅಂತ ಅವರಿಗೆ ಗೊತ್ತದ್ರೀ ಅಕ್ಕಾರ.