ಹೊಸ ಕಾರಿನ ಬಿ ಪಿಲ್ಲರ್‌ಗೆ ಕಟರ್ ನಾಟುತ್ತಿಲ್ಲ, ಬಾಗಿಲಿನ ಗ್ಲಾಸೂ ಒಡೆಯುತ್ತಿಲ್ಲ

ಹೆದ್ದಾರಿ_ಗೆಳೆಯ:
ಎಲ್ಲರಿಗೂ ನಮಸ್ಕಾರ. ತುಮಕೂರು ಕಡೆ ಹೆದ್ದಾರಿಯಲ್ಲಿ ಅಪಘಾತ ಆದಾಗ ಅಗ್ನಿಶಾಮಕದವರ ಜೊತೆ ಕೈಜೋಡಿಸುವ ಸ್ವಯಂಸೇವಕರು ನಾವು. ಹೋದ ಭಾನುವಾರ ಗುಜರಿಯಲ್ಲಿ ಅಭ್ಯಾಸ ಮಾಡಿದೆವು. ಹಳೇ ಕಾರಿನ ಪಿಲ್ಲರ್ ಹೈಡ್ರಾಲಿಕ್ ಕಟರ್‌ಗೆ ಸಲೀಸಾಗಿ ತುಂಡಾಯಿತು. ಆದರೆ ಹೊಸ ಎಸ್‌ಯುವಿಯ ಬಿ ಪಿಲ್ಲರ್ (ಮುಂದಿನ, ಹಿಂದಿನ ಬಾಗಿಲುಗಳ ನಡುವಿನ ಕಂಬ) ನಡುಭಾಗಕ್ಕೆ ಹಾಕಿದಾಗ ಬ್ಲೇಡ್ ಕಚ್ಚಿಕೊಂಡಿತು, ಕಟರ್ ಪೂರ್ತಿ ಒಂದು ಪಕ್ಕಕ್ಕೆ ತಿರುಗಿ ಅಲ್ಲೇ ನಿಂತಿತು. ಮುಂದಿನ ಬಾಗಿಲಿನ ಗ್ಲಾಸಿಗೆ ಗಾಜು ಒಡೆಯುವ ಪಂಚ್ ಸಾಧನದಿಂದ ಹೊಡೆದರೆ ಬರೀ ಬಿರುಕು ಬಂತು, ಉದುರಲಿಲ್ಲ. ಕಟರ್ ಕೆಟ್ಟಿದೆಯಾ?

ಮಂಜಣ್ಣ_ರೆಸ್ಕ್ಯೂ:
ಕಟರ್ ಸರಿಯಾಗೇ ಇರಬೇಕು, ಕಾರು ಗಟ್ಟಿ ಇದೆ ಅಷ್ಟೇ. ಹಳೇ ಕಾರಿನ ಸಾದಾ ಉಕ್ಕಿನ ಬಲ ಸುಮಾರು 300 ಮೆಗಾಪಾಸ್ಕಲ್. ಈಗ ಬಿ ಪಿಲ್ಲರ್ ಒಳಗೆ ಬೋರಾನ್ ಉಕ್ಕು ಹಾಕುತ್ತಾರೆ, ಕೆಂಪಗೆ ಕಾಯಿಸಿ ಅಚ್ಚಿನಲ್ಲೇ ತಣಿಸಿದ್ದು, ಅದು 1,500ರ ಹತ್ತಿರ. ಪಕ್ಕದಿಂದ ಗುದ್ದಿದಾಗ ಒಳಗಿನವರ ಜೀವ ಉಳಿಸುವುದೇ ಅದು. ಕಟರ್ ತಿರುಗಲು ಶುರುವಾದ ಕೂಡಲೇ ಬಿಡಿ, ಜೋರು ಮಾಡಬೇಡಿ, ಯಾಕೆಂದರೆ ಬ್ಲೇಡ್ ಸಿಡಿದರೆ ಚೂರು ನಿಮ್ಮ ಮುಖಕ್ಕೋ ಒಳಗೆ ಸಿಕ್ಕಿಕೊಂಡವರಿಗೋ ಬಡಿಯುತ್ತದೆ.

ಗಟ್ಟಿ ಜಾಗವನ್ನು ಸುತ್ತಿ ಹೋಗಿ. ಪಿಲ್ಲರ್ ನಡುಭಾಗ ಬಿಟ್ಟು, ಅದರ ಮುಂದೆ ಹಿಂದೆ ಚಾವಣಿ ಅಂಚನ್ನು ಕತ್ತರಿಸಬಹುದು, ಬುಡದಲ್ಲಿ ಗಾಯ ಮಾಡಿಕೊಂಡು (ಸ್ವಲ್ಪ ಕತ್ತರಿಸಿ), ಲೋಹವನ್ನು ಅಗಲಿಸುವ ಸ್ಪ್ರೆಡರ್‌ನಿಂದ ಹರಿಯಬಹುದು. ಕೆಲವೊಮ್ಮೆ ಕತ್ತರಿಸುವುದೇ ಬೇಕಿಲ್ಲ, ಸೀಟು ಪೂರ್ತಿ ಒರಗಿಸಿ ಹಿಂದಿನ ಡಿಕ್ಕಿಯಿಂದ ಗಾಯಾಳುವನ್ನು ಮಲಗಿಸುವ ಬೋರ್ಡಿನ ಮೇಲೆ ಎಳೆದುಕೊಳ್ಳಬಹುದು.

ಆದರೆ ಎಲ್ಲೇ ಕತ್ತರಿಸಿ, ಮೊದಲು ಒಳಗಿನ ಪ್ಲಾಸ್ಟಿಕ್ ಟ್ರಿಮ್ ಕಿತ್ತು ನೋಡಿ! ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಕಿಟಕಿ ಮೇಲಿಂದ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗಿನ ಗ್ಯಾಸ್ ಸಿಲಿಂಡರ್ ಚಾವಣಿ ಅಂಚಿನಲ್ಲೋ ಹಿಂದಿನ ಪಿಲ್ಲರ್‌ನಲ್ಲೋ ಇರುತ್ತದೆ, ಉದ್ದನೆಯ ತೆಳ್ಳಗಿನ ಲೋಹದ ಕೊಳವೆ, ಅದಕ್ಕೆ ಸಣ್ಣ ವೈರು ಹೋಗಿರುತ್ತದೆ. ಬಿ ಪಿಲ್ಲರ್ ಬುಡದಲ್ಲಿ ಬೆಲ್ಟ್ ಬಿಗಿಯುವ ಪ್ರೀಟೆನ್ಷನರ್ ಇರುತ್ತದೆ, ಅದರಲ್ಲೂ ಸಿಡಿಯುವ ಮದ್ದಿದೆ. ಇವೆರಡರ ಮೇಲೆ ಬ್ಲೇಡ್ ಬೀಳಲೇಬಾರದು. ಟ್ರಿಮ್ ಕೀಳಲು ಹಿಡಿಯುವ ಸಮಯ ತುಂಬಾ ಕಡಿಮೆ, ದಯವಿಟ್ಟು ಬಿಡಬೇಡಿ.

ಸುಜಾತಾ_ಗ್ಯಾರೇಜ್:
ಗ್ಲಾಸಿನ ವಿಷಯ ನಾನು ಹೇಳುತ್ತೇನೆ. ನಿಮಗೆ ಸಿಕ್ಕಿದ್ದು ಲ್ಯಾಮಿನೇಟೆಡ್ ಗ್ಲಾಸು, ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಮೊದಲು ವಿಂಡ್‌ಶೀಲ್ಡಿಗೆ ಮಾತ್ರ ಬರುತ್ತಿತ್ತು, ಈಗ ಸದ್ದು ಕಡಿಮೆ ಮಾಡಲು ಪಕ್ಕದ ಬಾಗಿಲಿಗೂ ಹಾಕುತ್ತಾರೆ. ಅಮೆರಿಕದ ವಾಹನ ಸವಾರರ ಸಂಘ ಎಎಎ 2019ರಲ್ಲಿ ಆರು ಬಗೆಯ ಪಂಚ್, ಸುತ್ತಿಗೆ ಪರೀಕ್ಷಿಸಿತ್ತು. ನಾಲ್ಕು ಸಾಧನಗಳು ಟೆಂಪರ್ಡ್ ಗ್ಲಾಸು (ಒಡೆದರೆ ಸಣ್ಣ ಚೂರಾಗಿ ಉದುರುವ ಗ್ಲಾಸು) ಪುಡಿ ಮಾಡಿದವು, ಲ್ಯಾಮಿನೇಟೆಡ್ ಒಡೆಯಲು ಒಂದಕ್ಕೂ ಆಗಲಿಲ್ಲ. ಗ್ಲಾಸಿನ ಕೆಳಮೂಲೆಯಲ್ಲಿ ಯಾವುದೆಂದು ಅಚ್ಚು ಇರುತ್ತದೆ, ಟಾರ್ಚ್ ಹಾಕಿ ಓದಿ. ಎಷ್ಟೋ ಕಾರುಗಳಲ್ಲಿ ಹಿಂದಿನ ಬಾಗಿಲಿನ ಗ್ಲಾಸು ಟೆಂಪರ್ಡೇ ಇರುತ್ತದೆ, ಅದನ್ನು ಒಡೆಯಿರಿ. ಲ್ಯಾಮಿನೇಟೆಡ್ ಆದರೆ ಗ್ಲಾಸ್ ಗರಗಸವೇ ಗತಿ. ಗರಗಸ ಹಾಕುವ ಮುಂಚೆ ಒಳಗಿರುವವರಿಗೆ ಕಂಬಳಿ ಹೊದಿಸಿ, ಮಾಸ್ಕ್ ಹಾಕಿ, ಆ ಗಾಜಿನ ಪುಡಿ ಶ್ವಾಸಕೋಶಕ್ಕೆ ಹೋಗುತ್ತದೆ ಅಲ್ವಾ.

ಹೆದ್ದಾರಿ_ಗೆಳೆಯ:
ತುಂಬಾ ಉಪಕಾರ ಆಯಿತು. ಎಲೆಕ್ಟ್ರಿಕ್ ಕಾರಾದರೂ ಬುಡದಲ್ಲಿ ಗಾಯ ಮಾಡಿ ಹರಿಯಬಹುದಾ ಮಂಜಣ್ಣ?

ಮಂಜಣ್ಣ_ರೆಸ್ಕ್ಯೂ:
ಒಳ್ಳೆ ಪ್ರಶ್ನೆ. ಬುಡಕ್ಕೆ ಹೋಗಬೇಡಿ, ಕಾರಿನ ನೆಲಕ್ಕೆ ಒತ್ತಿ ದೂಡುವ ಹೈಡ್ರಾಲಿಕ್ ರ‍್ಯಾಮ್ ಊರಬೇಡಿ, ದೊಡ್ಡ ಬ್ಯಾಟರಿ ಸಾಮಾನ್ಯವಾಗಿ ಅಲ್ಲೇ ಕೆಳಗೆ ಮಲಗಿರುತ್ತದೆ. ಕಿತ್ತಳೆ ಬಣ್ಣದ ಕೇಬಲ್ ಮುಟ್ಟಬೇಡಿ. ಸದ್ದಿಲ್ಲ ಅಂದ ಮಾತ್ರಕ್ಕೆ ಆಫ್ ಆಗಿದೆ ಅಂದುಕೊಳ್ಳಬೇಡಿ, ಚಕ್ರಕ್ಕೆ ಕಲ್ಲು ಕೊಟ್ಟು, ಪಾರ್ಕ್‌ಗೆ ಹಾಕಿ, ಕೀ ದೂರ ಇಡಿ. ಕಾರು ಆಫ್ ಮಾಡಿ 12 ವೋಲ್ಟ್ ಬ್ಯಾಟರಿ ತೆಗೆದರೆ ಸಾಮಾನ್ಯವಾಗಿ ಹೈ ವೋಲ್ಟೇಜ್ ಲೈನು ಕಡಿತವಾಗುತ್ತದೆ, ಬ್ಯಾಟರಿ ಪ್ಯಾಕಿನೊಳಗೆ ಮಾತ್ರ ಕರೆಂಟು ಇದ್ದೇ ಇರುತ್ತದೆ. ಯುರೋಪಿನಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಯೂರೋ ಎನ್‌ಕ್ಯಾಪ್‌ನವರ ‘ಯೂರೋ ರೆಸ್ಕ್ಯೂ’ ಆ್ಯಪ್‌ನಲ್ಲಿ ಮಾಡೆಲ್ ಪ್ರಕಾರ ಎಲ್ಲಿ ಏನಿದೆ ಅಂತ ಚಿತ್ರ ಸಿಗುತ್ತದೆ. ಅಲ್ಲಿನ ಮಾರುಕಟ್ಟೆಯ ಕಾರುಗಳದ್ದು, ಆದರೂ ನೋಡಿ ಅಭ್ಯಾಸ ಮಾಡಿ.

ಸುಜಾತಾ_ಗ್ಯಾರೇಜ್:
ಒಂದು ಸೇರಿಸುತ್ತೇನೆ. ಬೆಂಕಿ, ಹೊಗೆ ಇಲ್ಲದಿದ್ದರೆ 12 ವೋಲ್ಟ್ ತೆಗೆಯುವ ಮುಂಚೆ ಪವರ್ ವಿಂಡೋ ಇಳಿಸಿ, ಡೋರ್ ಲಾಕ್ ತೆಗೆಯಿರಿ. ಕರೆಂಟ್ ಸೀಟಾದರೆ, ಕಾಲು ಸಿಕ್ಕಿಕೊಂಡಿಲ್ಲ, ಬೆನ್ನಿಗೆ ಪೆಟ್ಟಿಲ್ಲ ಅಂತ ಆಂಬುಲೆನ್ಸಿನವರು ಹೇಳಿದ ಮೇಲೆ ಹಿಂದಕ್ಕೆ ಸರಿಸಿ. ಆಮೇಲೆ ಬ್ಯಾಟರಿಯ ಮೊದಲು ನೆಗೆಟಿವ್, ನಂತರ ಪಾಸಿಟಿವ್ ವೈರು ತೆಗೆಯಿರಿ. ತೆಗೆದ ಕೂಡಲೇ ಏರ್‌ಬ್ಯಾಗ್ ಮುಂದೆ ತಲೆ ಹಾಕಬೇಡಿ, ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ.