ಕೊರಿಯಾದ ‘ಗ್ವಾಂಗ್‌ಬೊಕ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಆಗಸ್ಟ್ 15 ಕೊರಿಯನ್ನರಿಗೂ ದೊಡ್ಡ ದಿನ. ಕನ್ನಡದಲ್ಲಿ ಬರೆಯುವಾಗ ‘ಕೊರಿಯಾದ ಸ್ವಾತಂತ್ರ್ಯ ದಿನ’ ಎಂದು ಸುಲಭವಾಗಿ ಬರೆದುಬಿಡುತ್ತೇವೆ. ದಕ್ಷಿಣ ಕೊರಿಯಾದವರು ಅದನ್ನು ಕರೆಯುವುದು ‘ಗ್ವಾಂಗ್‌ಬೊಕ್‌ಜೊಲ್’ ಎಂದು. ಗ್ವಾಂಗ್ ಅಂದರೆ ಬೆಳಕು. ಬೊಕ್ ಅಂದರೆ ಕಳೆದದ್ದನ್ನು ಮರಳಿ ಪಡೆಯುವುದು. ಜೊಲ್ ಅಂದರೆ ಹಬ್ಬದ ದಿನ. ‘ಬೆಳಕು ಮರಳಿದ ದಿನ’ ಅನ್ನೋಣವೇ? ಕೇಳಲು ಚೆಂದ. ಆದರೆ ಬಳಕೆಯಲ್ಲಿ ಇದರ ಅರ್ಥ ಕೈತಪ್ಪಿದ ಆಳುವ ಹಕ್ಕನ್ನು ಮರಳಿ ಪಡೆಯುವುದು, ಅಷ್ಟೇ. ಬೆಳಕನ್ನು ಅಷ್ಟು ಎಳೆದಾಡಬೇಕಾಗಿಲ್ಲ.

‘ಸ್ವಾತಂತ್ರ್ಯ’ಕ್ಕೆ ನನ್ನ ತಕರಾರು ಬೇರೆ. 1945ರ ಆಗಸ್ಟ್ 15ರ ಮಧ್ಯಾಹ್ನ ಚಕ್ರವರ್ತಿ ಹಿರೊಹಿಟೊನ ದನಿ ರೇಡಿಯೊದಲ್ಲಿ ಬಂತು, ಜಪಾನ್ ಸೋತಿತ್ತು. 1910ರಲ್ಲಿ ಕೊರಿಯಾವನ್ನು ನುಂಗಿದ ಆಳ್ವಿಕೆ ಅಲ್ಲಿಗೆ ಮುಗಿಯಿತು. ಆದರೆ ಸಿಯೋಲ್‌ನ ಗವರ್ನರ್ ಜನರಲ್ ಕಚೇರಿಯಲ್ಲಿ ಜಪಾನೀ ಅಧಿಕಾರಿಗಳು ಶರಣಾಗತಿಗೆ ಸಹಿ ಹಾಕಿದ್ದು ಸೆಪ್ಟೆಂಬರ್ 9ಕ್ಕೆ. ಅವರ ಬಾವುಟ ಇಳಿದ ಜಾಗದಲ್ಲಿ ಏರಿದ್ದು ಅಮೆರಿಕದ ಬಾವುಟ! ಉತ್ತರದಲ್ಲಿ ಆಗಲೇ ಸೋವಿಯತ್ ಸೇನೆ ಕೂತಿತ್ತು. ದಕ್ಷಿಣದವರು ತಮ್ಮ ಸರ್ಕಾರ ಘೋಷಿಸಿದ್ದು 1948ರ ಆಗಸ್ಟ್ 15ರಂದು, ಉತ್ತರದವರು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಹಾಗಾದರೆ 1945ರಲ್ಲಿ ಸಿಕ್ಕಿದ್ದು ಸ್ವಾತಂತ್ರ್ಯ ಅಲ್ಲ, ಅಲ್ವಾ?

ಕೊರಿಯನ್ನರ ಹತ್ತಿರ ಇನ್ನೂ ಎರಡು ಪದಗಳಿವೆ. ಒಂದು ‘ಹೇಬಾಂಗ್’, ಕಟ್ಟು ಬಿಚ್ಚಿ ಬಿಡುವುದು. ಉತ್ತರ ಕೊರಿಯಾ ಈ ದಿನಕ್ಕೆ ಬಳಸುವುದು ಇದನ್ನೇ. ಇನ್ನೊಂದು ‘ದೊಂಗ್ನಿಪ್’, ಅಂದರೆ ಯಾರ ಆಸರೆಯೂ ಇಲ್ಲದೆ ನಿಲ್ಲುವುದು. 1919ರ ಮಾರ್ಚ್ 1ರಂದು ಜಪಾನ್ ಆಳ್ವಿಕೆಯ ವಿರುದ್ಧ ಕೊರಿಯನ್ನರು ಹೊರಡಿಸಿದ ಘೋಷಣೆಯಲ್ಲಿ ಇದ್ದದ್ದು ಈ ಪದ. ಇದಕ್ಕೆ ನಮ್ಮ ‘ಸ್ವಾತಂತ್ರ್ಯ’ ಸರಿಹೊಂದುತ್ತದೆ.

ಹೇಬಾಂಗ್‌ಗೆ ‘ವಿಮೋಚನೆ’ ಅನ್ನಬಹುದು. ಆದರೆ ಕಲಬುರಗಿ, ಬೀದರ ಕಡೆಯವರಿಗೆ ಆ ಪದ ಕೇಳಿದ ಕೂಡಲೇ ನಿಜಾಮನ ಆಳ್ವಿಕೆ ಮುಗಿದ ಸೆಪ್ಟೆಂಬರ್ 17 ನೆನಪಾಗುತ್ತದೆ. ಅದೇನೂ ಕೆಟ್ಟದ್ದಲ್ಲ ಬಿಡಿ. ನನಗೆ ‘ಬಿಡುಗಡೆ’ ಇಷ್ಟ.

ತೊಡಕಿರುವುದು ‘ಬೊಕ್’ನಲ್ಲಿ. ನಿಘಂಟಿನ ಕತೆಯನ್ನೇ ನೋಡಿ. 1942ರಲ್ಲಿ ಜಪಾನೀ ಪೊಲೀಸರು ಕೊರಿಯನ್ ನಿಘಂಟು ಕಟ್ಟುತ್ತಿದ್ದವರನ್ನು ಹಿಡಿದು ಜೈಲಿಗೆ ಹಾಕಿದರು. ಇಬ್ಬರು ಒಳಗೇ ಸತ್ತರು. ಹಸ್ತಪ್ರತಿಯನ್ನೂ ಪೊಲೀಸರು ಹೊತ್ತೊಯ್ದಿದ್ದರು. 1945ರ ಸೆಪ್ಟೆಂಬರ್‌ನಲ್ಲಿ ಅದು ಸಿಯೋಲ್ ರೈಲು ನಿಲ್ದಾಣದ ಗೋದಾಮಿನಲ್ಲಿ ಸಿಕ್ಕಿತು! ಮೊದಲ ಸಂಪುಟ 1947ರಲ್ಲಿ ಹೊರಬಂತು. ಇದನ್ನು ‘ಬಿಡುಗಡೆ’ ಅಂದರೆ ಅರ್ಧ ಮಾತ್ರ ಹೇಳಿದ ಹಾಗೆ. ಕಳೆದದ್ದು ಕೈಗೆ ಬಂತು ಅನ್ನುವುದು ಪದದಲ್ಲೇ ಇರಬೇಕು.

‘ನಾಡು ಮರಳಿ ಪಡೆದ ದಿನ’ ಅನ್ನಬಹುದು, ತಲೆಬರಹಕ್ಕೆ ಉದ್ದವಾಯಿತು. ‘ಸ್ವರಾಜ್ಯ ದಿನ’ ಅಂದರೆ ಹೇಗೆ? ಅದರಲ್ಲೂ ‘ಮರಳಿ’ ಇಲ್ಲ. ಇದಕ್ಕಿಂತ ಚಿಕ್ಕ ಕನ್ನಡ ಪದ ಯಾರಿಗಾದರೂ ಹೊಳೆಯುತ್ತದೆಯೇ?