ಸಹಾಯ ಬೇಕು: ಮನೇಲೇ ಮಾಡಿರೋ ಟ್ರೈಲರ್‌ಗೆ ಲೀಫ್ ಸ್ಪ್ರಿಂಗ್ ಹುಡುಕ್ತಿದೀನಿ

ಎಲ್ರಿಗೂ ನಮಸ್ಕಾರ. ಕಾರಿನ ಹಿಂದೆ ಎಳೆಯೋ ಸಣ್ಣ ಸಾಮಾನು ಟ್ರೈಲರ್ ಇದೆ, ಒಂದೇ ಆಕ್ಸಲ್. ಯಾರೋ ಮನೇಲೇ ವೆಲ್ಡ್ ಮಾಡಿ ಕಟ್ಟಿದ್ದು, ಅದಕ್ಕೆ ಕಂಪನಿ ಹೆಸರೂ ಇಲ್ಲ ಪಾರ್ಟ್ ನಂಬರೂ ಇಲ್ಲ. ಎರಡೂ ಕಡೆ ಲೀಫ್ ಸ್ಪ್ರಿಂಗ್, ಅಂದ್ರೆ ಬಾಗಿದ ಉಕ್ಕಿನ ಪ್ಲೇಟು ಒಂದರ ಮೇಲೊಂದು ಜೋಡಿಸಿದ್ದು. ಎಡಗಡೆ ಸ್ಪ್ರಿಂಗ್‌ದು ಮೇನ್ ಪ್ಲೇಟು ಸೆಂಟರ್ ಬೋಲ್ಟ್ ತೂತಿನ ಹತ್ರಾನೇ ಮುರಿದಿದೆ, ಬಲಗಡೆದು ಮುರಿದಿಲ್ಲ ಆದ್ರೆ ಕಮಾನು ಪೂರ್ತಿ ಚಪ್ಪಟೆ ಆಗಿದೆ, ಅದಕ್ಕೇ ಎರಡೂ ಒಟ್ಟಿಗೇ ಬದಲಾಯಿಸೋಣ ಅಂತ.

ಅಂಗಡಿಯವರು ಯಾವ ಗಾಡಿದು ಅಂತಾನೇ ಮೊದ್ಲು ಕೇಳ್ತಾರೆ, ಅಲ್ಲಿಗೇ ಮಾತು ನಿಲ್ಲುತ್ತೆ. ಹಳೇ ಗಾಡಿ ಸ್ಪ್ರಿಂಗ್ ಹಿಡಿದು ನೋಡಿದ್ರೆ ಅಗಲ ಜಾಸ್ತಿ, ಹ್ಯಾಂಗರ್ (ಸ್ಪ್ರಿಂಗ್ ತುದಿ ಹಿಡಿಯೋ ಬ್ರಾಕೆಟ್) ಒಳಗೆ ಕೂರಲ್ಲ. ನಂದು 4 ಪ್ಲೇಟು, ಅಗಲ 45 ಎಂಎಂ, ಎರಡೂ ತುದೀಲಿ ಕಣ್ಣು (ಬೋಲ್ಟ್ ತೂರಿಸೋ ಸುರುಳಿ) ಇದೆ, ಹಿಂದೆ ಶ್ಯಾಕಲ್ (ಸ್ಪ್ರಿಂಗ್ ಬಾಗಿದಾಗ ಹಿಂದೆ ಮುಂದೆ ಆಡೋ ಕೊಂಡಿ).

ಗೊಂದಲ ಇರೋದು ಉದ್ದದಲ್ಲಿ. ಬಲಗಡೆದನ್ನ ಬಿಚ್ಚಿ ಕಣ್ಣಿನ ಸೆಂಟರಿಂದ ಸೆಂಟರಿಗೆ ನೇರ ಅಳೆದ್ರೆ 660 ಎಂಎಂ ಬರುತ್ತೆ, ಆದ್ರೆ ಚಪ್ಪಟೆ ಆದ್ಮೇಲೆ ಆ ಅಳತೆ ಹೊಸದ್ರಲ್ಲಿ ಇದ್ದಿದ್ದಕ್ಕಿಂತ ಉದ್ದ ಆಗಿರುತ್ತಲ್ವಾ? ಅದನ್ನೇ ಹೇಳಿ ತಂದ್ರೆ ಶ್ಯಾಕಲ್ ತಪ್ಪು ಕೋನದಲ್ಲಿ ನಿಲ್ಲುತ್ತೆ ಅನ್ನೋ ಭಯ, ಭಾರ ಹೊತ್ತು ರೋಡಿಗಿಳಿಯೋ ವಸ್ತು ಬೇರೆ.

ಅಳತೆ ಕೊಟ್ಟು ಸ್ಪ್ರಿಂಗ್ ತಂದಿರೋರು ಹೇಳಿ, ಈ ನೇರ ಅಳತೆ ಕೊಡ್ಬೇಕಾ, ಇಲ್ಲಾ ಪ್ಲೇಟಿನ ಬಾಗು ಹಿಡಿದು ಟೇಪಲ್ಲಿ ಅಳೆದು ಕೊಡ್ಬೇಕಾ?